ಎದೆಯ ನೀರು, ಪೊರೆಯ ಅಳತೆ

ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್ ಎಷ್ಟು ಬೆಳೆದಿದೆ ಎಂಬುದನ್ನು ಈಗ ಸಿಟಿ ಸ್ಕ್ಯಾನಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಆದೋನಿ, ಆಲೂರು, ಕೋಸಿಗಿಯ ರೋಗಿಗೆ ಆ ಅಳತೆ ಸಕಾಲಕ್ಕೆ ಸಿಗಬೇಕಾದರೆ ಏನಾಗಬೇಕು?

ಆದೋನಿ ಸೀಮೆಯಲ್ಲಿ ಯಾರಿಗಾದರೂ ಎದೆಯಲ್ಲಿ ನೀರು ತುಂಬಿದೆ ಎಂದರೆ ಮನೆಯವರು, ಓಣಿಯವರು, ಮೆಡಿಕಲ್ ಶಾಪಿನವರು, ಬಹುಪಾಲು ವೈದ್ಯರು ಕೂಡ ಮೊದಲು ನೆನೆಯುವುದು ಟಿಬಿಯನ್ನು. ಹಾಗೆ ನೆನೆಯುವುದು ತಪ್ಪಲ್ಲ. ನಮ್ಮ ದೇಶದಲ್ಲಿ ಎದೆಯ ಒಂದೇ ಪಕ್ಕಕ್ಕೆ ನೀರು ನಿಲ್ಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಕ್ಷಯವೇ ಮುಂದಿದೆ. ಬೆನ್ನಿನ ಕಡೆಯಿಂದ ಸೂಜಿ ಹಾಕಿ ನೀರು ತೆಗೆದು ನೋಡುತ್ತಾರೆ, ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದೆ, ಆರು ತಿಂಗಳು ನುಂಗಿದವರು ಹೆಚ್ಚಾಗಿ ಗುಣವಾಗಿ ಹೊಲಕ್ಕೂ ಮಿಲ್ಲಿಗೂ ಮರಳುತ್ತಾರೆ.

ಈ ಲೇಖನ ಗುಣವಾಗದೆ ಉಳಿದವರ ಬಗ್ಗೆ. ಗುಳಿಗೆ ಶುರುವಾಗಿ ಎರಡು ತಿಂಗಳಾದರೂ ನೀರು ಮತ್ತೆ ಮತ್ತೆ ತುಂಬುತ್ತದೆ. ಜ್ವರವಿಲ್ಲ, ಆದರೆ ಎದೆಯ ಒಂದು ಪಕ್ಕ ಹಗಲೂ ರಾತ್ರಿ ಮಂದವಾಗಿ ನೋಯುತ್ತದೆ. ಮೆಟ್ಟಿಲು ಹತ್ತಿದರೆ ದಮ್ಮು, ತಿಂದದ್ದು ಮೈಗೆ ಹತ್ತುವುದಿಲ್ಲ, ಅಂಗಿ ಸಡಿಲವಾಗುತ್ತದೆ. ಇಂಥವರಲ್ಲಿ ಕೆಲವರ ಕಾಯಿಲೆ ಟಿಬಿಯಲ್ಲ, ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್. ಟಿಬಿಯ ಹೆಸರಿನಲ್ಲಿ ಕಳೆದುಹೋಗುವ ತಿಂಗಳುಗಳು ಅವರ ಪಾಲಿನ ಅತ್ಯಂತ ಬೆಲೆಬಾಳುವ ತಿಂಗಳುಗಳು.

ಹಾಗೆ ನೋಡಿದರೆ ಈ ಕಾಯಿಲೆಯ ಕಾರಣ ಜಗತ್ತಿಗೆ ತಿಳಿದದ್ದೇ ಒಂದು ಟಿಬಿ ಆಸ್ಪತ್ರೆಯ ಮೂಲಕ. 1950ರ ದಶಕ, ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರು. ಅಲ್ಲಿನ ಕ್ಷಯದ ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ಡಾ. ಸ್ಲೆಗ್ಸ್ ಅವರಿಗೆ ಒಂದು ವಿಚಿತ್ರ ಕಂಡಿತು. ಎದೆಯ ಹೊದಿಕೆಯ ಟಿಬಿ ಎಂದು ದಾಖಲಾದ ರೋಗಿಗಳಲ್ಲಿ ಊರಿನ ಪಶ್ಚಿಮದ ಸೀಮೆಯಿಂದ ಬಂದ ಹಲವರಿಗೆ ಔಷಧ ಹತ್ತುತ್ತಲೇ ಇರಲಿಲ್ಲ. ಬೇರೆ ಕಡೆಯವರು ಅದೇ ಔಷಧಕ್ಕೆ ಗುಣವಾಗುತ್ತಿದ್ದರು. ಪಶ್ಚಿಮಕ್ಕೆ ಇದ್ದದ್ದು ನೀಲಿ ಕಲ್ನಾರಿನ, ಎಂದರೆ ಆಸ್ಬೆಸ್ಟಾಸಿನ, ಗಣಿಗಳ ನಾಡು. ಸ್ಲೆಗ್ಸ್, ರೋಗಶಾಸ್ತ್ರಜ್ಞ ವ್ಯಾಗ್ನರ್, ಎದೆಯ ಶಸ್ತ್ರವೈದ್ಯ ಮಾರ್ಚಂಡ್ ಮೂವರೂ ಸೇರಿ 1960ರಲ್ಲಿ 33 ರೋಗಿಗಳ ವಿವರ ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ಕಲ್ನಾರಿನ ನಂಟು ಇತ್ತು. ಅವರೆಲ್ಲ ಗಣಿಯೊಳಗೆ ದುಡಿದವರೂ ಅಲ್ಲ. ಗಣಿಯ ಸುತ್ತಮುತ್ತ ಬದುಕಿದವರು, ಚಿಕ್ಕಂದಿನಲ್ಲಿ ಆ ಧೂಳಿನಲ್ಲಿ ಬೆಳೆದವರು ಕೂಡ ಅದರಲ್ಲಿದ್ದರು. ಸ್ಲೆಗ್ಸ್ ಅವರ ಕೈಯಲ್ಲಿ ಸಿಟಿ ಯಂತ್ರವಿರಲಿಲ್ಲ. ಔಷಧ ಯಾಕೆ ಹತ್ತುತ್ತಿಲ್ಲ ಎಂದು ಅವರು ಕೇಳಿಕೊಂಡರು, ಅಷ್ಟೇ. ಆದೋನಿ, ಎಮ್ಮಿಗನೂರು, ಬಳ್ಳಾರಿ, ರಾಯಚೂರಿನ ವೈದ್ಯರು ಇವತ್ತೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ನಂಬಿಕೆ.

ಧೂಳು ಎಲ್ಲಿಂದ ಬಂತು

ಶ್ವಾಸಕೋಶವನ್ನು ಸುತ್ತಿರುವ ಪೊರೆಗೆ ವೈದ್ಯರು ಪ್ಲೂರಾ ಎನ್ನುತ್ತಾರೆ. ಅದರ ಒಂದು ಪದರ ಶ್ವಾಸಕೋಶಕ್ಕೆ ಅಂಟಿದೆ, ಇನ್ನೊಂದು ಎದೆಗೂಡಿನ ಒಳಗೋಡೆಗೆ. ಪದರಗಳ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ನಡುವೆ ಕೆಲವೇ ಚಮಚ ದ್ರವ. ಉಸಿರಾಡುವಾಗ ಒಂದು ಪದರ ಇನ್ನೊಂದರ ಮೇಲೆ ಸದ್ದಿಲ್ಲದೆ ಜಾರುತ್ತದೆ, ನಮಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಈ ಪೊರೆಯಲ್ಲೇ ಹುಟ್ಟುವ ಕ್ಯಾನ್ಸರಿಗೆ ಮೆಸೊಥೀಲಿಯೋಮ ಎಂದು ಹೆಸರು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30,000 ಜನರಲ್ಲಿ ಇದು ಪತ್ತೆಯಾಗುತ್ತದೆ. ಬೇರೆ ಕಡೆ ಹುಟ್ಟಿ ಈ ಪೊರೆಗೆ ಹರಡುವ ಕ್ಯಾನ್ಸರುಗಳು ಇದಕ್ಕಿಂತ ಬಹಳ ಹೆಚ್ಚು. ಶ್ವಾಸಕೋಶದ ಮತ್ತು ಸ್ತನದ ಕ್ಯಾನ್ಸರುಗಳು ಅವುಗಳಲ್ಲಿ ಮುಖ್ಯವಾದವು. ಎರಡೂ ಬಗೆಯವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಎದೆಯ ನೀರಿನ ರೂಪದಲ್ಲೇ. ಹಂತದ ಲೆಕ್ಕದಲ್ಲಿ ಮಾತ್ರ ಇವೆರಡಕ್ಕೂ ಅಜಗಜಾಂತರ. ಶ್ವಾಸಕೋಶದ ಕ್ಯಾನ್ಸರ್ ಹೊದಿಕೆಗೆ ಹರಡಿದರೆ ಅದು ನೇರವಾಗಿ ನಾಲ್ಕನೇ ಹಂತ. ಹೊದಿಕೆಯಲ್ಲೇ ಹುಟ್ಟಿದ ಕ್ಯಾನ್ಸರ್ ಆದರೆ ಮೊದಲನೇ ಹಂತವೂ ಆಗಿರಬಹುದು.

ಮೆಸೊಥೀಲಿಯೋಮಕ್ಕೆ ಮುಖ್ಯ ಕಾರಣ ಈ ಕಲ್ನಾರು. ಉಸಿರಿನೊಡನೆ ಒಳಗೆ ಹೋದ ಸೂಕ್ಷ್ಮ ನಾರು ಪೊರೆಯವರೆಗೆ ತೂರಿ ಅಲ್ಲೇ ಉಳಿಯುತ್ತದೆ. ಕಾಯಿಲೆ ತಲೆಯೆತ್ತುವುದು 20ರಿಂದ 50 ವರ್ಷಗಳ ನಂತರ. ಪ್ರಾಯದಲ್ಲಿ ತಿಂದ ಧೂಳು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಲೆಕ್ಕ ಕೇಳುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಆದೋನಿ ಎಂದರೆ ಹತ್ತಿ. ಇಲ್ಲಿನ ಮಾರುಕಟ್ಟೆ ಪ್ರಾಂಗಣ ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು, ಜಿನ್ನಿಂಗ್ ಮಿಲ್ಲುಗಳ ಧೂಳು ತಲೆಮಾರುಗಳ ಎದೆಗೆ ಹೋಗಿದೆ. ಹತ್ತಿಯ ಧೂಳಿನಿಂದ ಬರುವ ಕಾಯಿಲೆ ಬಿಸಿನೋಸಿಸ್. ರಜೆ ಮುಗಿಸಿ ಮಿಲ್ಲಿಗೆ ಮರಳಿದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ಅದು ಶ್ವಾಸನಾಳಗಳ ಕಾಯಿಲೆ, ಪೊರೆಯ ಕ್ಯಾನ್ಸರ್ ಅಲ್ಲ. ಆದ್ದರಿಂದ ಮಿಲ್ಲಿನಲ್ಲಿ ದುಡಿದವರನ್ನು ಹತ್ತಿಯ ಬಗ್ಗೆ ಕೇಳಿ ಸುಮ್ಮನಾಗಬಾರದು. ಬಾಯ್ಲರ್ ಬಳಿ ಕೆಲಸ ಇತ್ತೆ, ಉಗಿ ಕೊಳವೆಗಳಿಗೆ ಸುತ್ತಿದ ಬಿಳಿ ಹೊದಿಕೆ ಬಿಚ್ಚಿ ಕಟ್ಟುತ್ತಿದ್ದಿರೆ, ಯಂತ್ರದ ಬ್ರೇಕ್ ಲೈನಿಂಗ್ ಉಜ್ಜುತ್ತಿದ್ದಿರೆ ಎಂದೂ ಕೇಳಬೇಕು. ಹಳೆಯ ಕಾರ್ಖಾನೆಗಳಲ್ಲಿ ಕಲ್ನಾರು ಇರುತ್ತಿದ್ದದ್ದು ಅಲ್ಲಿ. ಮುಂಬೈ–ಚೆನ್ನೈ ರೈಲುಮಾರ್ಗ ಈ ಊರಿನ ಮೇಲೆಯೇ ಹಾಯುತ್ತದೆ, ಪಕ್ಕದ ಗುಂತಕಲ್ಲು ದೊಡ್ಡ ಜಂಕ್ಷನ್. ಉಗಿಬಂಡಿಗಳ ಕಾಲದಲ್ಲಿ ಎಂಜಿನ್ನಿನ ಬಾಯ್ಲರಿಗೆ ಶಾಖ ತಡೆಯಲು ಹೊದಿಸುತ್ತಿದ್ದದ್ದು ಕಲ್ನಾರನ್ನೇ. ಶೆಡ್ಡುಗಳಲ್ಲಿ ದುಡಿದು ನಿವೃತ್ತರಾದವರಿಗೆ ಈಗ ಎಪ್ಪತ್ತು, ಎಂಬತ್ತು.

ಗಣಿ ಕೂಡ ದೂರವಿಲ್ಲ. ರಾಯಲಸೀಮೆಯದೇ ಆದ ಕಡಪ ಜಿಲ್ಲೆಯ ಪುಲಿವೆಂದುಲ ಭಾಗದಲ್ಲಿ, ಬ್ರಾಹ್ಮಣಪಲ್ಲಿ–ಲಿಂಗಾಲ ಸುತ್ತ, ಸುಣ್ಣಕಲ್ಲಿನಂಥ ಡಾಲಮೈಟ್ ಪದರಗಳ ನಡುವೆ ಬಿಳಿ ಕಲ್ನಾರು ಸಿಗುತ್ತದೆ. ಅದನ್ನು ಅಲ್ಲಿ ಅಗೆದು ತೆಗೆದಿದ್ದಾರೆ. ಕರ್ನಾಟಕದ ಹೊಳೆನರಸೀಪುರದ ಕಡೆಯೂ ಕಲ್ನಾರಿನ ಗಣಿಗಳಿದ್ದವು. 1986ರಿಂದ ದೇಶದಲ್ಲಿ ಹೊಸ ಗಣಿ ಗುತ್ತಿಗೆ ನಿಂತಿತು, ಆಮದು ನಿಲ್ಲಲಿಲ್ಲ. ರಷ್ಯಾ, ಕಜಾಕಸ್ತಾನ, ಬ್ರೆಜಿಲ್‌ಗಳಿಂದ ವರ್ಷಕ್ಕೆ ಲಕ್ಷಗಟ್ಟಲೆ ಟನ್ ಕಲ್ನಾರು ಬಂದು ಸಿಮೆಂಟ್ ಶೀಟಾಗಿ ನಮ್ಮ ಮನೆಗಳ ಮೇಲೆ, ದನದ ಕೊಟ್ಟಿಗೆಗಳ ಮೇಲೆ, ಗೋದಾಮುಗಳ ಮೇಲೆ ಕೂರುತ್ತಿದೆ. ಬ್ರಿಟನ್ 1999ರಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ ಎಲ್ಲ ಬಗೆಯ ಕಲ್ನಾರನ್ನೂ ನಿಷೇಧಿಸಿದವು. ಉಳಿದಿದ್ದ ಬಿಳಿ ಕಲ್ನಾರಿಗೆ ಅಮೆರಿಕ 2024ರಲ್ಲಿ ತಡೆ ಹಾಕಿತು. ಸೂರಿನ ಮೇಲೆ ಸುಮ್ಮನೆ ಕುಳಿತ ಶೀಟು ಅಷ್ಟು ಅಪಾಯಕಾರಿಯಲ್ಲ. ಅದನ್ನು ಕೊಯ್ಯುವಾಗ, ತೂತು ಹಾಕುವಾಗ, ಒಡೆದು ಕಿತ್ತು ಹಾಕುವಾಗ ಏಳುವ ಧೂಳೇ ವಿಷ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಹೊಳಗುಂದಿ, ಪೆದ್ದಕಡುಬೂರಿನ ಸಂಸಾರಗಳು ಮೂಟೆ ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರು–ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಆ ಶೀಟು ಕೊಯ್ಯುವ ಕೈಗಳಲ್ಲಿ ಇವರವೂ ಇವೆ, ಮೂಗಿಗೆ ಕಟ್ಟಿದ್ದು ಟವೆಲ್ಲು ಮಾತ್ರ.

ಸಿಟಿಯಲ್ಲಿ ಏನನ್ನು ನೋಡಬೇಕು

ಎದೆಯ ಎಕ್ಸ್‌ರೇ ಸುಮಾರು 200 ಮಿಲಿಲೀಟರ್ ನೀರಾದ ಮೇಲೆ ನೀರಿದೆ ಎಂದು ತೋರಿಸುತ್ತದೆ. ನೀರು ಹೆಚ್ಚಾದಂತೆ ಆ ಪಕ್ಕವೆಲ್ಲ ಬೆಳ್ಳಗಾಗಿ ಪೊರೆ ಅದರೊಳಗೆ ಮುಚ್ಚಿಹೋಗುತ್ತದೆ. ಆದರೂ ಅನುಭವಿ ಕಣ್ಣಿಗೆ ಎಕ್ಸ್‌ರೇಯಲ್ಲೇ ಒಂದು ಸುಳಿವು ಸಿಗುವುದುಂಟು. ಅಷ್ಟೊಂದು ನೀರು ತುಂಬಿದರೆ ಹೃದಯ, ಶ್ವಾಸನಾಳ ಎಲ್ಲವೂ ಎದುರು ಪಕ್ಕಕ್ಕೆ ಸರಿಯಬೇಕು. ಸರಿಯದೆ ನಿಂತಲ್ಲೇ ನಿಂತಿದ್ದರೆ, ಇಲ್ಲವೆ ರೋಗದ ಪಕ್ಕವೇ ಕುಗ್ಗಿದ್ದರೆ, ಗಟ್ಟಿಯಾದದ್ದೇನೋ ಅದನ್ನು ಹಿಡಿದಿಟ್ಟಿದೆ ಎಂದು ಅನುಮಾನಿಸಬೇಕು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್‌ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ತಲೆಯನ್ನು ಪದರು ಪದರಾಗಿ ತೋರಿಸಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ಸಿಟಿಯಲ್ಲಿ ದೇಹದ ಪ್ರತಿ ಬಿಂದುವಿಗೂ ಸಾಂದ್ರತೆಯ ಒಂದು ಅಂಕೆ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000. ಹೀಗಾಗಿ ನೀರು ಬೇರೆ, ಪೊರೆ ಬೇರೆ ಎಂದು ಬಿಡಿಸಿ ನೋಡಬಹುದು. ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಮದ್ದು ಕೊಟ್ಟರೆ ರಕ್ತ ಹರಿಯುವ ಗಡ್ಡೆ ಬೆಳಗುತ್ತದೆ, ನೀರು ಬೆಳಗುವುದಿಲ್ಲ.

ದಪ್ಪವಾದ ಪೊರೆ ಕ್ಯಾನ್ಸರಿನದೋ ಬೇರೆ ಕಾಯಿಲೆಯದೋ ಎಂದು ಅಳೆಯುವ ನಾಲ್ಕು ಗುರುತುಗಳನ್ನು 1990ರಲ್ಲಿ ಲ್ಯೂಂಗ್, ಮ್ಯೂಲರ್, ಮಿಲ್ಲರ್ ಎಂಬ ತಜ್ಞರು 74 ರೋಗಿಗಳ ಸಿಟಿ ನೋಡಿ ಸ್ಪಷ್ಟಪಡಿಸಿದರು. ಪೊರೆ ಶ್ವಾಸಕೋಶದ ಸುತ್ತ ಪೂರ್ತಿ ಬಳಸಿ ದಪ್ಪವಾಗಿರುವುದು, ಗಂಟು ಗಂಟಾಗಿರುವುದು, ಎದೆಗೋಡೆಯ ಕಡೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಿರುವುದು, ಹೃದಯದ ಕಡೆಯ ಪೊರೆಗೂ ಕಾಯಿಲೆ ಹಬ್ಬಿರುವುದು. ಆ ಅಧ್ಯಯನದಲ್ಲಿ ಕ್ಯಾನ್ಸರ್ ಇಲ್ಲದ ಒಬ್ಬರಲ್ಲೂ ಮೊದಲ ಗುರುತು ಕಾಣಲಿಲ್ಲ. ಗಂಟುಗಳು ಕಂಡದ್ದೂ ತೀರ ಅಪರೂಪ. ಟಿಬಿಯ ಪೊರೆ ಸಾಮಾನ್ಯವಾಗಿ ನಯವಾಗಿ, ಸಮನಾಗಿ ದಪ್ಪವಾಗುತ್ತದೆ, ಹೃದಯದ ಕಡೆಗೆ ಹಬ್ಬುವುದು ಕಡಿಮೆ. ಮೂವತ್ತು ವರ್ಷ ಮೀರಿದರೂ ಈ ನಾಲ್ಕು ಗುರುತುಗಳು ಸವೆದಿಲ್ಲ. ತಾಲ್ಲೂಕು ಮಟ್ಟದ ಸ್ಕ್ಯಾನ್ ಸೆಂಟರಿನಲ್ಲೂ ಇವನ್ನು ನೋಡಬಹುದು, ವಿಶೇಷ ಯಂತ್ರ ಬೇಕಿಲ್ಲ. ಆದರೆ ಗುರುತುಗಳು ಇಲ್ಲವೆಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆನ್ನುವಂತಿಲ್ಲ. ಕ್ಯಾನ್ಸರ್ ಇದ್ದವರಲ್ಲಿ ಒಂದೊಂದು ಗುರುತೂ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲೇ ಕಂಡಿತ್ತು.

ನೋಡಬೇಕಾದದ್ದು ಕಾಣಬೇಕಾದರೆ ಸ್ಕ್ಯಾನನ್ನು ಸರಿಯಾಗಿ ತೆಗೆಯಬೇಕು. ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ: ಎದೆಯ ನೀರಿಗೆ ಕಾರಣ ಹುಡುಕುವಾಗ ಕಾಂಟ್ರಾಸ್ಟ್ ಇಲ್ಲದ ಸಿಟಿ ಬಡವನ ದುಡ್ಡನ್ನು ಅರ್ಧ ನೀರಿಗೆ ಹಾಕಿದಂತೆ. ಮದ್ದು ಕೊಟ್ಟ ತಕ್ಷಣ ತೆಗೆದರೂ ಸಾಲದು. ಪೊರೆ ಚೆನ್ನಾಗಿ ಬೆಳಗುವುದು ಸುಮಾರು ಒಂದು ನಿಮಿಷ ಕಳೆದ ಮೇಲೆ. ಕಾರಣ ಹುಡುಕುವ ಮೊದಲ ಸ್ಕ್ಯಾನನ್ನು ನೀರೆಲ್ಲ ಬಸಿಯುವ ಮೊದಲೇ ಮಾಡಿಸುವುದು ಒಳ್ಳೆಯದು, ಪೊರೆಯ ಗಂಟುಗಳು ನೀರಿನ ಅಂಚಿನಲ್ಲಿ ಎದ್ದು ಕಾಣುತ್ತವೆ. ಮದ್ದು ಕೊಡುವ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಆಗಿರಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರು, ಹಿಂದೆ ಯಾವುದೇ ಇಂಜೆಕ್ಷನ್ನಿಗೆ ಅಲರ್ಜಿ ಆದವರು ಅದನ್ನು ಮೊದಲೇ ಹೇಳಬೇಕು. ವಿಕಿರಣದ ಭಯವನ್ನೂ ಅಳೆದು ನೋಡೋಣ: ಎದೆಯ ಒಂದು ಸಿಟಿಯಿಂದ ಬರುವ ವಿಕಿರಣ ಸುಮಾರು 5ರಿಂದ 7 ಮಿಲಿಸೀವರ್ಟ್, ಎಂದರೆ ನೆಲ, ಗಾಳಿ, ಆಕಾಶದಿಂದ ನಮಗೆ ಎರಡು ಮೂರು ವರ್ಷಗಳಲ್ಲಿ ತಾನಾಗಿ ತಗಲುವಷ್ಟು. ನೆಗಡಿ ಕೆಮ್ಮಿಗೆಲ್ಲ ಸಿಟಿ ಬೇಡ. ಗುಣವಾಗದ ಎದೆ ನೀರಿಗೆ ಹಿಂಜರಿಯುವುದೂ ಬೇಡ.

ಗೋಡೆಗೆ ಬಳಿದ ಗಾರೆ

ಬೇರೆ ಗಡ್ಡೆಗಳನ್ನು ಅಳೆಯುವುದು ಸುಲಭ. ಶ್ವಾಸಕೋಶದ ಗಡ್ಡೆ ಹೆಚ್ಚುಕಡಿಮೆ ಉಂಡೆ, ಅದರ ಅಡ್ಡಳತೆ ಹಿಡಿದರೆ ಆಯಿತು. ಮೆಸೊಥೀಲಿಯೋಮಕ್ಕೆ ಉಂಡೆಯ ಆಕಾರವಿಲ್ಲ. ಎದೆಗೂಡಿನ ಒಳಗೋಡೆಗೆ ಬಳಿದ ಗಾರೆಯಂತೆ ಅದು ಹರಡುತ್ತದೆ, ಒಂದು ಕಡೆ ತೆಳು, ಒಂದು ಕಡೆ ದಪ್ಪ, ಮೂಲೆಗಳಲ್ಲಿ ತುಂಬಿಕೊಂಡಿದೆ. ಅದರ ಅಡ್ಡಳತೆ ಎಂದರೆ ಯಾವುದು?

ಈ ತೊಡಕಿನಿಂದಾಗಿ ಹಂತ ನಿರ್ಧರಿಸುವ ವಿದ್ಯೆ ಹಲವು ಸಲ ಬದಲಾಯಿತು. 1976ರಲ್ಲಿ ಬುಚಾರ್ಟ್ ಒಂದು ಸರಳ ಕ್ರಮ ಕೊಟ್ಟರು. 1995ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಟಿ, ಎನ್, ಎಂ ಪದ್ಧತಿಯನ್ನು ಇದಕ್ಕೆ ಹೊಂದಿಸಿತು. ಟಿ ಎಂದರೆ ಗಡ್ಡೆ ಎಲ್ಲೆಲ್ಲಿ ಹಬ್ಬಿದೆ, ಎನ್ ಎಂದರೆ ದುಗ್ಧಗ್ರಂಥಿಗಳು, ಎಂ ಎಂದರೆ ದೂರದ ಅಂಗಗಳು. ಆ ಪದ್ಧತಿಯಲ್ಲಿ ಮೊದಲ ಹಂತವನ್ನೇ ಎರಡಾಗಿ ಒಡೆದಿದ್ದರು, ಕಾಯಿಲೆ ಎದೆಗೋಡೆಯ ಪದರದಲ್ಲಷ್ಟೇ ಇದೆಯೋ ಶ್ವಾಸಕೋಶಕ್ಕೆ ಅಂಟಿದ ಪದರಕ್ಕೂ ಬಂದಿದೆಯೋ ಎಂಬ ಆಧಾರದಲ್ಲಿ. ಎದೆಯೊಳಗೆ ದುರ್ಬೀನು ಇಳಿಸಿ ನೋಡಿದ ಶಸ್ತ್ರವೈದ್ಯರಿಗೆ ಅದು ತಿಳಿಯಬಹುದು, ಸಿಟಿಯಲ್ಲಿ ಬೇರ್ಪಡಿಸಿ ಹೇಳುವುದು ಆಗದ ಮಾತು. ಆ ಪದ್ಧತಿಯ ಎಂಟನೇ ಆವೃತ್ತಿಯಲ್ಲಿ ಆ ಭೇದ ಹೋಯಿತು.

2025ರಿಂದ ಬಳಕೆಗೆ ಬಂದಿರುವ ಒಂಬತ್ತನೇ ಆವೃತ್ತಿ ಮಾತ್ರ ದೊಡ್ಡ ಹೆಜ್ಜೆ. ಹಂತ ನಿರ್ಧಾರದಲ್ಲಿ ಮೊದಲ ಬಾರಿಗೆ ಸಿಟಿಯ ಅಳತೆಗೇ ಮುಖ್ಯ ಸ್ಥಾನ ಸಿಕ್ಕಿದೆ. ಎದೆಯನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ವಲಯ ಮಾಡುತ್ತಾರೆ. ಮಹಾಪಧಮನಿಯ ಕಮಾನಿನ ಕೆಳಅಂಚಿನವರೆಗೆ ಮೇಲಿನದು, ಅಲ್ಲಿಂದ ಎಡ ಹೃತ್ಕರ್ಣದ ಮೇಲ್ತುದಿಯವರೆಗೆ ನಡುವಿನದು, ಅಲ್ಲಿಂದ ವಪೆಯವರೆಗೆ ಕೆಳಗಿನದು. ಒಂದೊಂದು ವಲಯದಲ್ಲೂ ಪೊರೆ ಎಲ್ಲಿ ಅತಿ ದಪ್ಪವಿದೆಯೋ ಅಲ್ಲಿ ಎದೆಗೋಡೆಗೆ ನೇರ ಲಂಬವಾಗಿ ಅಳೆಯುತ್ತಾರೆ. ಮೂರನ್ನೂ ಕೂಡಿಸಿದರೆ ಒಂದು ಅಂಕೆ. ಶ್ವಾಸಕೋಶದ ಹಾಲೆಗಳ ನಡುವಿನ ಸೀಳಿನಲ್ಲಿ ಪೊರೆ ಎಷ್ಟು ದಪ್ಪವಿದೆ ಎಂಬುದನ್ನು ಬೇರೆಯಾಗಿ ನೋಡುತ್ತಾರೆ.

ಒಟ್ಟು 12 ಮಿ.ಮೀ. ಮೀರದೆ, ಸೀಳಿನಲ್ಲೂ 5 ಮಿ.ಮೀ. ದಾಟದಿದ್ದರೆ ಟಿ1. ಒಟ್ಟು 12 ದಾಟಿ 30ರೊಳಗಿದ್ದರೆ ಟಿ2. 12ರೊಳಗೇ ಇದ್ದರೂ ಸೀಳಿನಲ್ಲಿ 5 ದಾಟಿದ್ದರೆ, ಇಲ್ಲವೆ ಹೃದಯದ ಸುತ್ತಲಿನ ಕೊಬ್ಬಿಗೆ ಅಥವಾ ಎದೆಗೋಡೆಯ ಮಾಂಸಕ್ಕೆ ಒಂದೇ ಜಾಗದಲ್ಲಿ ಕಾಯಿಲೆ ಹೊಕ್ಕಿದ್ದರೆ ಅದೂ ಟಿ2. ಒಟ್ಟು 30 ಮಿ.ಮೀ. ಮೀರಿದರೆ ಟಿ3. ಪಕ್ಕೆಲುಬು, ಬೆನ್ನುಮೂಳೆ, ಹೃದಯ, ಅನ್ನನಾಳ, ಎದುರು ಪಕ್ಕದ ಪೊರೆಗೆ ಹೋಗಿದ್ದರೆ ಅಥವಾ ವಪೆಯನ್ನು ತೂರಿ ಹೊಟ್ಟೆಗೆ ಇಳಿದಿದ್ದರೆ ಟಿ4, ಆಗ ದಪ್ಪದ ಲೆಕ್ಕ ನಡೆಯುವುದಿಲ್ಲ.

ದಪ್ಪ ಅಳೆಯುವ ಈ ವಿಚಾರಕ್ಕೂ ಒಂದು ಗಣಿಯ ಊರಿಗೂ ಸಂಬಂಧವಿದೆ. ಪಶ್ಚಿಮ ಆಸ್ಟ್ರೇಲಿಯಾದ ವಿಟ್ಟೆನೂಮ್‌ನಲ್ಲಿ ನೀಲಿ ಕಲ್ನಾರಿನ ಗಣಿ 1966ರಲ್ಲಿ ಮುಚ್ಚಿತು, ರೋಗಿಗಳು ದಶಕಗಳ ಕಾಲ ಪರ್ತ್ ನಗರದ ಆಸ್ಪತ್ರೆಗಳಿಗೆ ಬರುತ್ತಲೇ ಇದ್ದರು. ಅಲ್ಲಿನ ಬರ್ನ್ ಮತ್ತು ನೋವಾಕ್ ಎಂಬ ವೈದ್ಯರು 2004ರಲ್ಲಿ, ಔಷಧಕ್ಕೆ ಗಡ್ಡೆ ಕರಗುತ್ತಿದೆಯೇ ಎಂದು ತಿಳಿಯಲು, ಎದೆಯ ಮೂರು ಮಟ್ಟಗಳಲ್ಲಿ ಎರಡೆರಡು ಜಾಗ ಹಿಡಿದು ಪೊರೆಯ ದಪ್ಪ ಕೂಡಿಸುವ ಕ್ರಮ ಕೊಟ್ಟರು. ಚಿಕಿತ್ಸೆ ನಡೆದಷ್ಟು ಕಾಲ ಅದೇ ಆರು ಜಾಗಗಳನ್ನು ಮತ್ತೆ ಮತ್ತೆ ಅಳೆಯಬೇಕು.

ಅಳತೆ ಸುಲಭವೆಂದು ಹೇಳಲಾರೆ. ಪೊರೆಗೆ ಒತ್ತಿಕೊಂಡ ನೀರು, ಕುಗ್ಗಿದ ಶ್ವಾಸಕೋಶ, ಪಕ್ಕೆಲುಬುಗಳ ನಡುವಿನ ಸ್ನಾಯು ಎಲ್ಲವೂ ಗಡ್ಡೆಯ ಅಂಚನ್ನು ಮಸುಕು ಮಾಡುತ್ತವೆ. ಒಂದೇ ಸ್ಕ್ಯಾನನ್ನು ಇಬ್ಬರು ಅಳೆದರೆ ಅಂಕೆ ಬೇರೆ ಬರುವುದುಂಟು. 12 ಮತ್ತು 13ರ ನಡುವೆ ಹಂತ ಬದಲಾಗುವಾಗ ಆ ಒಂದು ಮಿಲಿಮೀಟರನ್ನು ಅನುಭವಿ ರೇಡಿಯಾಲಜಿಸ್ಟ್ ಎರಡನೇ ಸಲ ನೋಡುವುದು ರೋಗಿಯ ಹಕ್ಕು ಎಂದೇ ನಾನು ಭಾವಿಸುತ್ತೇನೆ.

ಸಿಟಿಗೆ ಕಾಣದ್ದು

ಸಿಟಿ ನೋಡಿ ಮೆಸೊಥೀಲಿಯೋಮ ಎಂದು ತೀರ್ಪು ಕೊಡುವಂತಿಲ್ಲ. ತುಂಡು ತೆಗೆದು ಪರೀಕ್ಷಿಸಲೇಬೇಕು. ತೆಗೆದ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಗದೆ ಹೋಗುವುದು ಈ ಕಾಯಿಲೆಯಲ್ಲಿ ಮಾಮೂಲು. ರಿಪೋರ್ಟಿನಲ್ಲಿ ‘ನೆಗೆಟಿವ್’ ಎಂದಿದ್ದರೆ ಸಮಾಧಾನಪಡುವ ಹಾಗಿಲ್ಲ. ಟಿಬಿ ಅನುಮಾನಕ್ಕೆ ಮಾಡುವ ಎಡಿಎ ಪರೀಕ್ಷೆಯ ಅಂಕೆ ಮೆಸೊಥೀಲಿಯೋಮದಲ್ಲೂ ಕೆಲವೊಮ್ಮೆ ಏರುತ್ತದೆ. ಆ ಒಂದು ಅಂಕೆ ನೋಡಿ ಆರು ತಿಂಗಳ ಗುಳಿಗೆ ಬರೆದು ಕೈತೊಳೆದುಕೊಂಡರೆ ಅನಾಹುತ. ಎದೆಯೊಳಗೆ ದುರ್ಬೀನು ಇಳಿಸುವ ಥೊರಾಕೊಸ್ಕೋಪಿಯಲ್ಲಿ, ಇಲ್ಲವೆ ಸಿಟಿ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ, ದಪ್ಪವಾದ ಜಾಗದ ತುಂಡು ತೆಗೆಯುತ್ತಾರೆ. ಆ ತುಂಡಿಗೆ ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ1 ಮುಂತಾದ ವಿಶೇಷ ಬಣ್ಣಗಳ ಪರೀಕ್ಷೆ ನಡೆಯಬೇಕು, ಶ್ವಾಸಕೋಶದ ಕ್ಯಾನ್ಸರೋ ಪೊರೆಯದೋ ಎಂದು ತೀರ್ಮಾನವಾಗುವುದು ಅಲ್ಲಿ.

ಹಂತದ ವಿಷಯದಲ್ಲೂ ಸಿಟಿಗೆ ಮಿತಿಗಳಿವೆ. ವಪೆಯನ್ನು ಗಡ್ಡೆ ತೂರಿದೆಯೇ, ಎದೆಗೋಡೆಯೊಳಗೆ ನುಗ್ಗಿದೆಯೇ ಎಂಬುದು ಎಂಆರ್‌ಐಯಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗ್ರಂಥಿ ದೊಡ್ಡದಾಗಿದೆ ಎಂದು ಸಿಟಿ ಹೇಳಬಲ್ಲದು, ಅದರೊಳಗೆ ಕ್ಯಾನ್ಸರ್ ಇದೆಯೇ ಎಂದು ಹೇಳಲಾರದು. ಟಿಬಿಯ ಹಳೆಯ ಗ್ರಂಥಿಗಳು ತುಂಬಿರುವ ನಮ್ಮ ಎದೆಗಳಲ್ಲಂತೂ ಈ ಮಿತಿ ಇನ್ನೂ ದೊಡ್ಡದು. ದೂರದ ಅಂಗಗಳಿಗೆ ಹರಡಿದೆಯೇ ಎಂದು ನೋಡಲು ಪೆಟ್–ಸಿಟಿ ಬೇಕಾಗಬಹುದು. ಅದಕ್ಕೂ ಒಂದು ಅನುಕ್ರಮವಿದೆ. ನೀರು ಮತ್ತೆ ತುಂಬದಂತೆ ಎದೆಗೆ ಟಾಲ್ಕ್ ಪುಡಿ ಹಾಕಿ ಪೊರೆಗಳನ್ನು ಅಂಟಿಸುವ ಚಿಕಿತ್ಸೆ ಮೊದಲು ಆಗಿಬಿಟ್ಟರೆ, ಆ ಉರಿಯೂತ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ಪೆಟ್ ಬೇಕೆಂದು ತೀರ್ಮಾನಿಸಿದ್ದರೆ ಅದು ಮೊದಲು, ಪುಡಿ ನಂತರ.

ಇಷ್ಟೆಲ್ಲ ಅಳೆದು ಆಗಬೇಕಾದದ್ದೇನು ಎಂದು ರೋಗಿಯ ಮಕ್ಕಳು ಕೇಳುತ್ತಾರೆ. ಉತ್ತರ ನೇರವಾಗಿ ಕೊಡಬೇಕು. ಇದು ಪೂರ್ತಿ ವಾಸಿಯಾಗುವುದು ತೀರ ಅಪರೂಪವಾದ ಕ್ಯಾನ್ಸರ್. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಸ್‌ಪ್ಲಾಟಿನ್ ಒಂದೇ ಕೊಟ್ಟವರು ಸರಾಸರಿ 9 ತಿಂಗಳ ಮೇಲೆ ಸ್ವಲ್ಪ ಕಾಲ ಬದುಕಿದರೆ, ಪೆಮೆಟ್ರೆಕ್ಸೆಡ್ ಸೇರಿಸಿದವರು 12 ತಿಂಗಳು ಬದುಕಿದರು. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ನಿವೊಲುಮ್ಯಾಬ್–ಇಪಿಲಿಮುಮ್ಯಾಬ್ ಜೋಡಿ 2020ರಲ್ಲಿ ಆ ಅಂಕೆಯನ್ನು 18 ತಿಂಗಳಿಗೆ ಏರಿಸಿತು. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟುಕದ್ದು. ಪೊರೆಯನ್ನೆಲ್ಲ ಸುಲಿದು ತೆಗೆಯುವ ದೊಡ್ಡ ಶಸ್ತ್ರಕ್ರಿಯೆ ಒಳ್ಳೆಯದೆಂದು ಬಹಳ ಕಾಲ ನಂಬಿದ್ದರು. ಬ್ರಿಟನ್ನಿನ ಮಾರ್ಸ್–2 ಪ್ರಯೋಗದ ಫಲಿತಾಂಶ 2024ರಲ್ಲಿ ಅಚ್ಚಾದಾಗ ಆ ನಂಬಿಕೆ ಅಲುಗಾಡಿತು. ಶಸ್ತ್ರಕ್ರಿಯೆ ಮತ್ತು ಔಷಧ ಎರಡೂ ಪಡೆದವರು ಸರಾಸರಿ 19 ತಿಂಗಳು ಬದುಕಿದರೆ, ಔಷಧ ಮಾತ್ರ ಪಡೆದವರು ಸುಮಾರು 25 ತಿಂಗಳು ಬದುಕಿದರು.

ಆದ್ದರಿಂದ ಹಂತ ಅಳೆಯುವುದು ರೋಗಿಯನ್ನು ಆಪರೇಷನ್ ಟೇಬಲ್ಲಿಗೆ ಏರಿಸುವುದಕ್ಕೆ ಮಾತ್ರ ಅಲ್ಲ, ಬೇಡದ ಟೇಬಲ್ಲಿನಿಂದ ತಪ್ಪಿಸುವುದಕ್ಕೂ ಹೌದು. ಎರಡೆಕರೆ ಮಾರಿ ದೊಡ್ಡ ಆಪರೇಷನ್ ಮಾಡಿಸಿ, ಉಳಿದ ದಿನಗಳನ್ನು ಹಾಸಿಗೆಯಲ್ಲಿ ನೋವಿನಲ್ಲಿ ಕಳೆಯುವುದನ್ನು ಒಂದು ಸರಿಯಾದ ಸ್ಕ್ಯಾನ್ ತಡೆಯಬಲ್ಲದು. ಟಿ4 ಎಂದು ಗೊತ್ತಾದ ರೋಗಿಗೆ ನೀರು ತೆಗೆಯುವ ಕೊಳವೆ, ನೋವಿಗೆ ಮಾರ್ಫಿನ್, ಮನೆಯ ಅನ್ನ ಇವು ಸಣ್ಣ ಚಿಕಿತ್ಸೆಗಳಲ್ಲ.

ಆದೋನಿಯಿಂದ ಯಾವ ಕಡೆಗೆ

1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಆಂಧ್ರ ರಾಜ್ಯ ಹುಟ್ಟಿದಾಗ ಅವು ಆ ಕಡೆಗೆ, ಬಳ್ಳಾರಿ ಮೈಸೂರಿನ ಕಡೆಗೆ ಹೋದವು. ಕಾಯಿಲೆ ಬಂದಾಗ ಜನ ಆ ಗೆರೆ ನೋಡುವುದಿಲ್ಲ. ಹೊಳಗುಂದಿ, ಹಾಲಹರ್ವಿಯವರಿಗೆ ಬಳ್ಳಾರಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ. ಕೋಸಿಗಿ, ಮಂತ್ರಾಲಯದವರಿಗೆ ರಾಯಚೂರು. ಜಿಲ್ಲಾ ಕೇಂದ್ರ ಕರ್ನೂಲಿನ ಸರಕಾರಿ ಸಾರ್ವಜನಿಕ ಆಸ್ಪತ್ರೆ ಈ ಎಲ್ಲ ಊರುಗಳಿಗೂ ದೊಡ್ಡಾಸ್ಪತ್ರೆ. ಕ್ಯಾನ್ಸರ್ ಎಂದ ಮೇಲೆ ಹೈದರಾಬಾದಿನ ಎಂಎನ್‌ಜೆ ಅಥವಾ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ. ರಾತ್ರಿ ರೈಲು, ಮಾರನೆಯ ಬೆಳಗ್ಗೆ ಹೊರರೋಗಿ ವಿಭಾಗದ ಸಾಲು. ಎಲ್ಲ ಕಡೆಯೂ ಹೊಸದಾಗಿ ಶುರು: ಹೊಸ ಚೀಟಿ, ಹೊಸ ಎಕ್ಸ್‌ರೇ, ಎಷ್ಟೋ ಸಲ ಮತ್ತೊಂದು ಸಿಟಿ.

ಎರಡನೇ ಸಿಟಿ ಉಳಿಸುವ ದಾರಿ ಒಂದಿದೆ. ಸ್ಕ್ಯಾನ್ ಸೆಂಟರಿನಿಂದ ಕಪ್ಪು ಫಿಲ್ಮಿನ ಜೊತೆಗೆ ಸಿಡಿಯನ್ನೋ ಪೆನ್‌ಡ್ರೈವಿನಲ್ಲಿ ಮೂಲ ಚಿತ್ರಗಳನ್ನೋ ಕೇಳಿ ಪಡೆಯಬೇಕು. ಫಿಲ್ಮಿನ ಮೇಲೆ ಇರುವುದು ಆಯ್ದ ಕೆಲವು ಚಿತ್ರ, ಅದರಲ್ಲಿ ಮಿಲಿಮೀಟರ್ ಅಳೆಯಲು ಬರುವುದಿಲ್ಲ. ಸಿಡಿಯಲ್ಲಿರುವ ತೆಳು ಪದರುಗಳನ್ನು ಬೆಂಗಳೂರಿನ ವೈದ್ಯರು ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ನೋಡಬಹುದು, ವಪೆಯ ಸ್ಥಿತಿ ತಿಳಿಯುವುದೂ ಹಾಗೆ ತಿರುಗಿಸಿದಾಗಲೇ. ಔಷಧ ಶುರುವಾದ ಮೇಲೆ ತೆಗೆಯುವ ಸ್ಕ್ಯಾನುಗಳನ್ನು ಹೋಲಿಸಲಿಕ್ಕೂ ಮೊದಲನೆಯದು ಬೇಕು. ಅದು ರೋಗಿ ದುಡ್ಡು ಕೊಟ್ಟು ತೆಗೆಸಿದ ಚಿತ್ರ, ಕೇಳಲು ಸಂಕೋಚ ಬೇಡ. ಸರಕಾರಿ ಆರೋಗ್ಯ ಕಾರ್ಡು ಯಾವ ರಾಜ್ಯದ್ದು, ಗಡಿ ದಾಟಿದರೆ ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂಬುದನ್ನೂ ರೈಲು ಹತ್ತುವ ಮೊದಲೇ ವಿಚಾರಿಸಿಕೊಳ್ಳಬೇಕು.

ಇನ್ನೊಂದು ಕೆಲಸಕ್ಕೆ ಸ್ಕ್ಯಾನೂ ಬೇಡ, ದುಡ್ಡೂ ಬೇಡ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು, ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆಯಲ್ಲಿ, ಕಲ್ನಾರು ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಟ್ಟುಕೊಳ್ಳಬೇಕು ಎಂದು ಆದೇಶಿಸಿತು. ಕಾರ್ಖಾನೆಯ ಕಾಯಂ ನೌಕರನಿಗೆ ಅದು ರಕ್ಷೆ. ಕೌತಾಳಂನಿಂದ ಹೋಗಿ ಮೇಸ್ತ್ರಿಯ ಕೈಕೆಳಗೆ ದಿನಗೂಲಿಗೆ ಶೀಟು ಕೊಯ್ದವನ ಹೆಸರು ಯಾವ ಕಾರ್ಖಾನೆಯ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅವನ ದುಡಿಮೆಯ ಚರಿತ್ರೆ ಉಳಿಯುವುದಿದ್ದರೆ ಆಸ್ಪತ್ರೆಯ ಚೀಟಿಯಲ್ಲೇ ಉಳಿಯಬೇಕು. ಆದೋನಿ, ಕರ್ನೂಲು, ಬಳ್ಳಾರಿ, ರಾಯಚೂರಿನ ಪ್ರತಿ ಎದೆರೋಗ ವಿಭಾಗವೂ ಪ್ರಾಯದಿಂದ ಇವತ್ತಿನವರೆಗೆ ಎಲ್ಲೆಲ್ಲಿ ಏನೇನು ಕೆಲಸ ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳಬೇಕು. ಉತ್ತರ ಸಿಟಿ ಬರೆದುಕೊಡುವ ಕಾಗದದ ಮೇಲೂ ಇರಬೇಕು. ‘ಎಡಪಕ್ಕ ನೀರು’ ಎಂದು ಬಂದ ಕೋರಿಕೆಯ ಪಕ್ಕದಲ್ಲಿ ‘ಹನ್ನೆರಡು ವರ್ಷ ಸಿಮೆಂಟ್ ಶೀಟು ಕೊಯ್ದಿದ್ದಾರೆ, ಟಿಬಿ ಗುಳಿಗೆಗೆ ಎರಡು ತಿಂಗಳಾದರೂ ಗುಣವಿಲ್ಲ’ ಎಂಬ ಸಾಲು ಇದ್ದರೆ, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ನೀರನ್ನು ದಾಟಿ ಪೊರೆಯನ್ನು ನೋಡುತ್ತಾರೆ, ಮೂರು ವಲಯಗಳಲ್ಲಿ ಅಳೆದು ಅಂಕೆಗಳನ್ನು ರಿಪೋರ್ಟಿನಲ್ಲಿ ಬರೆಯುತ್ತಾರೆ.